ವಿಂಡ್ಸರ್‌ನಲ್ಲಿ ಮನೆ, ಡೆಟ್ರಾಯಿಟ್‌ನಲ್ಲಿ ಕೆಲಸ
ಹೆಂಡತಿಗೆ ಕೆನಡಾ ಪಿಆರ್ (ಕಾಯಂ ವಾಸದ ಅನುಮತಿ) ಇದೆ, ಗಡಿಯಾಚೆ ಕೆನಡಾದ ವಿಂಡ್ಸರ್‌ನಲ್ಲಿ ಮನೆ ಮಾಡಿ ದಿನಾ ಅಮೆರಿಕದ ಡೆಟ್ರಾಯಿಟ್‌ಗೆ ಓಡಾಡಿದರೆ ಎಚ್-1ಬಿ (ಅಮೆರಿಕದಲ್ಲಿ ಕೆಲಸ ಮಾಡುವ ಅನುಮತಿ) ಹೋಗುತ್ತಾ ಅಂತ ಕೇಳಿದ್ದೀರಿ. ಮನೆ ಆಚೆ ಇದ್ದ ಮಾತ್ರಕ್ಕೆ ಹೋಗುವುದಿಲ್ಲ. ಕೆಲಸ ಅದೇ ಕಂಪನಿಯಲ್ಲಿ, ಎಚ್-1ಬಿ ಅರ್ಜಿಯಲ್ಲಿ ಹೇಳಿದ ಜಾಗದಲ್ಲೇ ನಡೆಯಬೇಕು.

ಜನ ಜಾಸ್ತಿ ಎಡವುವುದು ಐ-94ರಲ್ಲಿ, ಅಂದರೆ ಅಮೆರಿಕದಲ್ಲಿ ಎಂದಿನವರೆಗೆ ಇರಬಹುದು ಅಂತ ಹೇಳುವ ಪ್ರವೇಶ ದಾಖಲೆಯಲ್ಲಿ. ಪಾಸ್‌ಪೋರ್ಟ್ ಬೇಗ ಮುಗಿಯುವಂತಿದ್ದರೆ ಐ-94 ಕೂಡ ಅದೇ ತಾರೀಖಿಗೆ ನಿಲ್ಲಬಹುದು, ಎಚ್-1ಬಿ ಅನುಮತಿ ಇನ್ನೂ ಎರಡು ವರ್ಷ ಇದ್ದರೂ! ಆಗಾಗ ಸಿಬಿಪಿ (ಅಮೆರಿಕದ ಗಡಿ ಇಲಾಖೆ) ವೆಬ್‌ಸೈಟ್‌ನಲ್ಲಿ ತಾರೀಖು ನೋಡಿಕೊಳ್ಳಿ.

ಪಾಸ್‌ಪೋರ್ಟ್‌ನಲ್ಲಿನ ವೀಸಾ ಸ್ಟಾಂಪ್ ಮುಗಿದಿದ್ದರೆ ಕೆನಡಾಕ್ಕೆ 30 ದಿನದೊಳಗಿನ ಭೇಟಿಗೆ ಆಟೊಮ್ಯಾಟಿಕ್ ರೀವ್ಯಾಲಿಡೇಶನ್ (ಮುಗಿದ ಸ್ಟಾಂಪ್‌ನಲ್ಲೇ ಅಮೆರಿಕಕ್ಕೆ ಮರಳುವ ಸೌಲಭ್ಯ) ಇದೆ, ನಿಜ. ಆದರೆ ದಿನದ ಓಡಾಟಕ್ಕೆ ಅದನ್ನೇ ನೆಚ್ಚಿಕೊಳ್ಳಬೇಡಿ. ಸ್ಟಾಂಪ್ ಹೊಸದು ಮಾಡಿಸಿಬಿಡಿ.

ಅಂದಹಾಗೆ, ಇಡೀ ದಿನ ಅಮೆರಿಕದ ಹೊರಗೇ ಕಳೆದರೆ ಆ ದಿನವನ್ನು ಎಚ್-1ಬಿಯ ಆರು ವರ್ಷದ ಮಿತಿಯಿಂದ ಬಿಡಿಸಿಕೊಳ್ಳಬಹುದು. ಅದಕ್ಕೆ ಪುರಾವೆಯಾಗಿ ಶುಕ್ರವಾರ ಸಂಜೆ, ಸೋಮವಾರ ಬೆಳಿಗ್ಗೆಯ ಗಡಿ ಸೇತುವೆ ಟೋಲ್ ರಸೀದಿ ಎಸೆಯಬೇಡಿ.