ಚಕ್ರವರ್ತಿಗೆ ನಾಲ್ಕು ಸಾಲು, ಸಿಪಾಯಿಗೆ ಅರ್ಧ ಪುಟ

ಶಿವಮೊಗ್ಗದ ನಿವೃತ್ತ ಮೇಷ್ಟ್ರೊಬ್ಬರು ಸಿಟ್ಟಾಗಿದ್ದಾರೆ. ಕಳೆದ ಸಂಚಿಕೆಯಲ್ಲಿ ಚೀನಾದ ಮೊದಲ ಚಕ್ರವರ್ತಿ ಚಿನ್ ಶಿ ಹ್ವಾಂಗ್ ಬಗ್ಗೆ, ಅವನ ಸೈನ್ಯದ ಇಬ್ಬರು ಸಿಪಾಯಿಗಳು ಮನೆಗೆ ಬರೆದ ಕಾಗದಗಳ ಬಗ್ಗೆ ಬರೆದಿದ್ದೆವು. ‘ಚೀನಾ ಕಟ್ಟಿದವನಿಗೆ ನಾಲ್ಕು ಸಾಲು, ಇಬ್ಬರು ಸಿಪಾಯಿಗಳ ಬಟ್ಟೆಬರೆಗೆ ಅರ್ಧ ಪುಟ! ಇದು ಚರಿತ್ರೆಯೋ, ಅಂಗಡಿ ಚೀಟಿಯೋ?’ ಎಂದು ಕೇಳಿದ್ದಾರೆ.

ಮೇಷ್ಟ್ರೇ, ಚಕ್ರವರ್ತಿ ದೊಡ್ಡವನೇ. 13ನೇ ವಯಸ್ಸಿಗೆ ಪಟ್ಟಕ್ಕೆ ಬಂದ. ಕ್ರಿ.ಪೂ. 221ರ ಹೊತ್ತಿಗೆ ಉಳಿದ ಆರು ರಾಜ್ಯಗಳನ್ನೂ ನುಂಗಿದ. ಲಿಪಿ, ತೂಕ, ಅಳತೆ, ಗಾಡಿ ಚಕ್ರಗಳ ನಡುವಿನ ಅಗಲ ಕೂಡ ಒಂದೇ ಮಾಡಿದ. ಒಪ್ಪಿದೆ.

ಆದರೆ ಅವನ ಕಥೆ ನಮಗೆ ಸಿಕ್ಕಿದ್ದು ಎಲ್ಲಿಂದ? ಬಹುಪಾಲು ಚರಿತ್ರೆಕಾರ ಸಿಮಾ ಚಿಯೆನ್‌ನಿಂದ. ಆತ ಬರೆದದ್ದು ಸುಮಾರು ನೂರು ವರ್ಷದ ಮೇಲೆ, ನಂತರ ಬಂದ ಹಾನ್ ವಂಶದ ಆಸ್ಥಾನದಲ್ಲಿ. ಕ್ರಿ.ಪೂ. 210ರಲ್ಲಿ ದಾರಿಯಲ್ಲೇ ಸತ್ತ ಚಕ್ರವರ್ತಿಯ ಹೆಣ ನಾರದಿರಲೆಂದು ಪಕ್ಕದಲ್ಲಿ ಮೀನಿನ ಗಾಡಿ ಓಡಿಸಿದರಂತೆ. ಕಥೆ ಸೊಗಸಾಗಿದೆ. ಹೇಳುವವನಿಗೆ ಚಿನ್ ವಂಶದ ಮೇಲೆ ಪ್ರೀತಿ ಇರಲಿಲ್ಲ ಅನ್ನೋದೂ ನೆನಪಿರಲಿ.

ಸಿಪಾಯಿಗಳ ಕಾಗದ ಹಾಗಲ್ಲ. ಹೇಯ್‌ಫು, ಜಿಂಗ್ ಅಣ್ಣತಮ್ಮಂದಿರು. ಏಕೀಕರಣದ ಯುದ್ಧದಲ್ಲಿ ಹ್ವಾಯ್‌ಯಾಂಗ್ ಮುತ್ತಿಗೆಗೆ ಹೋದವರು. ಮರದ ಹಲಗೆ ಮೇಲೆ ಮನೆಗೆ ಬರೆದರು. ಮನೆಯಲ್ಲಿದ್ದ ಸೋದರ ಝೋಂಗ್‌ನದು ಎನ್ನಲಾದ ಗೋರಿಯಲ್ಲಿ, ಹುಬೇ ಪ್ರಾಂತ್ಯದ ಶ್ವೇಹೂಡಿಯಲ್ಲಿ, 1970ರ ದಶಕದಲ್ಲಿ ಅವು ಸಿಕ್ಕವು. ಅಮ್ಮಾ, ಅಲ್ಲಿ ಬಟ್ಟೆ ಅಗ್ಗವಾಗಿದ್ದರೆ ಅಂಗಿ ಹೊಲಿಸಿ ಕಳಿಸು, ತುಟ್ಟಿಯಾದರೆ ದುಡ್ಡೇ ಕಳಿಸು, ಇಲ್ಲೇ ಹೊಲಿಸಿಕೊಳ್ಳುತ್ತೇನೆ ಅಂತ ಒಬ್ಬ. ಮುತ್ತಿಗೆ ಬಹಳ ದಿನದಿಂದ ನಡೆದಿದೆ, ಗಾಯವಾಗುತ್ತೋ ಇಲ್ವೋ ಹೇಳಲಾಗದು ಅಂತಲೂ ಒಂದು ಸಾಲು. ಇನ್ನೊಬ್ಬ ಸಾಲ ಮಾಡಿಕೊಂಡಿದ್ದಾನೆ. ಐದಾರು ನೂರು ಕಾಸು ಬಾರದಿದ್ದರೆ ಸತ್ತೆ ಅನ್ನುತ್ತಾನೆ. ಕೊನೆಗೆ ಬೇಗ, ಬೇಗ, ಬೇಗ! ಇಷ್ಟರ ನಡುವೆಯೂ, ಮನೆಯ ಹುಡುಗಿ ಸೌದೆಗೆ ದೂರ ಹೋಗದಂತೆ ನೋಡಿಕೋ ಅಂತ ಝೋಂಗ್‌ಗೆ ಹೇಳುತ್ತಾನೆ.

ಆರು ರಾಜ್ಯ ನುಂಗಿದ್ದು ಇವರ ಕೈಕಾಲಿನಿಂದ, ಅಲ್ವಾ? ಅಂಗಿ ಮಾತ್ರ ಅಮ್ಮನ ಖರ್ಚು. ಇದು ಯಾವ ಆಸ್ಥಾನದ ಬರಹದಲ್ಲಿ ಸಿಗುತ್ತೆ?

ನಮ್ಮ ಚಿಕ್ಕಪ್ಪನೂ ಸೈನ್ಯದಲ್ಲಿದ್ದರು. ಇನ್‌ಲ್ಯಾಂಡ್ ಲೆಟರ್‌ನಲ್ಲಿ ಅಜ್ಜಿಗೆ ಬರೀ ಇದೇ: ಉಪ್ಪಿನಕಾಯಿ ಕಳಿಸು, ಎಮ್ಮೆ ಕರು ಹಾಕಿತಾ? ಅಟ್ಟ ಗುಡಿಸುವಾಗ ಒಂದು ಗೋಣಿಚೀಲ ಕಾಗದ ರದ್ದಿಗೆ ಹೋಯಿತು. ಹಾಕಿದವನು ನಾನೇ. ಈಗ ಬರೆಯುವವರೇ ಇಲ್ಲ. ಫೋನ್ ಕೆಟ್ಟರೆ ಸಂಸಾರದ ಚರಿತ್ರೆಯೇ ಖಾಲಿ.

ನೀವು ಮಾತ್ರ ಇಂಕ್ ಪೆನ್ನಲ್ಲಿ ನಾಲ್ಕು ಪುಟ ಬೈದಿದ್ದೀರಿ. ಎತ್ತಿಟ್ಟುಕೊಂಡಿದ್ದೇನೆ. ಮುಂದಿನ ಸಲ ಮೇಲೆ ತಾರೀಖು ಹಾಕಿ.