ಹೊಗಳಿದ್ದು ಜಾಬ್ಸ್ ಅವರನ್ನು, ಕೊಂಡದ್ದು ಎಸ್.ಪಿ. ರಸ್ತೆಯಲ್ಲಿ

ಮೇಷ್ಟ್ರೇ, ನಮಸ್ಕಾರ.

ಸಾಗರದಿಂದ ನೀವು ಬರೆದ ನಾಲ್ಕು ಪುಟದ ಕಾಗದ ಕೈಸೇರಿತು. ಪೂರ್ತಿ ಅಚ್ಚು ಹಾಕಲು ಜಾಗ ಸಾಲದು. ಉಳಿದ ಓದುಗರಿಗೆ ತಿಳಿಯಲಿ ಅಂತ ಅದರ ತಿರುಳನ್ನಷ್ಟೇ ಇಲ್ಲಿ ಹೇಳುತ್ತೇನೆ.

ಅಕ್ಟೋಬರ್ ಸಂಚಿಕೆಯಲ್ಲಿ ನಾನು ಆಪಲ್ ಕಂಪ್ಯೂಟರ್ ಕಂಪನಿ ಕಟ್ಟಿದ ಸ್ಟೀವ್ ಜಾಬ್ಸ್ ಬಗ್ಗೆ ಒಂದು ಪುಟ ಬರೆದಿದ್ದೆ. ಅವರು ತೀರಿಕೊಂಡದ್ದು 2011ರ ಅಕ್ಟೋಬರ್ 5ರಂದು, 56ನೇ ವಯಸ್ಸಿನಲ್ಲಿ. ಅದೇ ಸಂಚಿಕೆಯ ಪ್ರಶ್ನೋತ್ತರದಲ್ಲಿ ಒಬ್ಬರು 'ನೀವು ಬಳಸುವ ಕಂಪ್ಯೂಟರ್ ಯಾವುದು?' ಎಂದು ಕೇಳಿದ್ದರು. 'ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿದ್ದು' ಎಂದು ಉತ್ತರಿಸಿದ್ದೆ. ನೀವು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದ್ದೀರಿ. 'ಹೊಗಳುವುದು ಆಪಲ್ ಕಟ್ಟಿದವರನ್ನು, ಮೇಜಿನ ಮೇಲಿರುವುದು ಅಸೆಂಬಲ್ಡ್ ಡಬ್ಬ. ಅಷ್ಟು ಒಳ್ಳೆಯದಾಗಿದ್ದರೆ ನೀವೇ ಯಾಕೆ ಕೊಳ್ಳಲಿಲ್ಲ?' ಎಂದು ಕೇಳಿದ್ದೀರಿ. ಕೊನೆಯಲ್ಲಿ ಇನ್ನೊಂದು ಮಾತೂ ಇದೆ: ಮೊಮ್ಮಗಳು ಈ ವರ್ಷ ಪದವಿಗೆ ಸೇರಿದ್ದಾಳೆ, ಅವಳಿಗೆ ಯಾವ ಕಂಪ್ಯೂಟರ್ ಕೊಡಿಸಲಿ?

ನ್ಯಾಯವಾದ ಪ್ರಶ್ನೆಗಳೇ. ಮೊದಲನೆಯದಕ್ಕೆ ಉತ್ತರ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ಈ ಕೆಲಸಕ್ಕೆ ಬಂದಾಗ ನಮ್ಮ ಪತ್ರಿಕೆ ಅಚ್ಚುಮೊಳೆಯಲ್ಲೇ, ಅಂದರೆ ಅಕ್ಷರದ ಲೋಹದ ತುಂಡುಗಳನ್ನು ಜೋಡಿಸಿ, ಆಗುತ್ತಿತ್ತು. ಮೊಳೆ ಜೋಡಿಸುವ ಕಂಪೋಸಿಟರ್ ಖಾನೆಗಳ ಕೇಸಿನ ಮುಂದೆ ನಿಂತರೆ ಕಣ್ಣು ನನ್ನ ಕೈಬರಹದ ಮೇಲೆ, ಕೈ ಮಾತ್ರ ತಾನಾಗಿ ಖಾನೆಯಿಂದ ಖಾನೆಗೆ. ಕನ್ನಡಕ್ಕೆ ಎಷ್ಟು ಖಾನೆ ಬೇಕು ಎಂದು ನಿಮಗೆ ಹೇಳಬೇಕಾಗಿಲ್ಲ. ಕಾಗುಣಿತಕ್ಕೆ ಬೇರೆ ಬೇರೆ ಮೊಳೆ, ಒತ್ತಕ್ಷರಕ್ಕೆ ಬೇರೆ ಮೊಳೆ. ಒತ್ತಿನ ಮೊಳೆ ಸವೆದಿದ್ದರೆ ಕರಡಿನಲ್ಲಿ 'ಅಮ್ಮ' ಹೋಗಿ 'ಅಮ' ಆಗಿರುತ್ತಿತ್ತು. ನಾನು ಕೆಂಪು ಶಾಯಿಯಲ್ಲಿ ಗುರುತು ಹಾಕಿದರೆ ಅವರು ಚಿಮಟದಲ್ಲಿ ಆ ಮೊಳೆ ಎತ್ತಿ ಇನ್ನೊಂದನ್ನು ಕೂರಿಸುತ್ತಿದ್ದರು. ಪುಟ ಹೇಗೆ ಕಾಣುತ್ತದೆ ಎಂಬುದು ಪುಟ ಅಚ್ಚಾದ ಮೇಲೆಯೇ ಗೊತ್ತಾಗುತ್ತಿದ್ದದ್ದು.

ತೊಂಬತ್ತರ ದಶಕದ ಶುರುವಿನಲ್ಲಿ ಬೆಂಗಳೂರಿನ ಒಂದು ಜಾಹೀರಾತು ಕಚೇರಿಗೆ ಚಿತ್ರ ಅಚ್ಚು ಹಾಕುವ ಬ್ಲಾಕ್ ತರಲು ಹೋಗಿದ್ದೆ. ಅಲ್ಲಿ ಒಬ್ಬ ಹುಡುಗಿ ಒಂದು ಪುಟ್ಟ ಪೆಟ್ಟಿಗೆಯ ಮುಂದೆ ಕೂತಿದ್ದರು. ಆವತ್ತಿನವರೆಗೆ ನಾನು ನೋಡಿದ್ದ ಕಂಪ್ಯೂಟರುಗಳಲ್ಲಿ ಕಪ್ಪು ತೆರೆಯ ಮೇಲೆ ಹಸಿರು ಅಕ್ಷರ ಇರುತ್ತಿತ್ತು. ಇಲ್ಲಿ ತೆರೆ ಬೆಳ್ಳಗಿತ್ತು, ಕಾಗದದ ಹಾಗೆ. ಅಕ್ಷರ ಕಪ್ಪು. ಒಂದು ಶೀರ್ಷಿಕೆಯನ್ನು ಆಕೆ ಮೌಸಿನಲ್ಲಿ ಹಿಡಿದು ಮೇಲಕ್ಕೆ ಎಳೆದರು, ದೊಡ್ಡದು ಮಾಡಿದರು, ಚಿಕ್ಕದು ಮಾಡಿದರು. ಆಮೇಲೆ ಪಕ್ಕದ ಪ್ರಿಂಟರ್‌ನಿಂದ ಒಂದು ಹಾಳೆ ಹೊರಗೆ ಬಂತು. ತೆರೆಯಲ್ಲಿ ಇದ್ದದ್ದೇ ಹಾಳೆಯಲ್ಲೂ ಇತ್ತು. ಇಂಗ್ಲಿಷ್ ಪುಟ ಅದು. ಆದರೂ ನನ್ನ ಕಣ್ಣಿಗೆ ಕಂಡದ್ದು ನಮ್ಮ ಪತ್ರಿಕೆಯ ಪುಟ. ಬ್ಲಾಕ್ ಮರೆತು ಬಂದಿದ್ದೆ, ಮಾರನೇ ದಿನ ಮತ್ತೆ ಹೋಗಬೇಕಾಯಿತು.

ಅದು ಮ್ಯಾಕಿಂಟಾಷ್. ಜಾಬ್ಸ್ ಮೊದಲ ಮ್ಯಾಕನ್ನು ಜನರ ಮುಂದೆ ಇಟ್ಟದ್ದು 1984ರ ಜನವರಿ 24ರಂದು. ಬೆಲೆ 2,495 ಡಾಲರ್. ಒಂಬತ್ತು ಇಂಚಿನ ಕಪ್ಪು-ಬಿಳುಪು ತೆರೆ, 128 ಕಿಲೋಬೈಟ್ ಮೆಮೊರಿ. ಇವತ್ತು ಫೋನಿನಲ್ಲಿ ತೆಗೆಯುವ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸುವುದಿಲ್ಲ. ಆದರೆ ಅದರಲ್ಲಿ ಬಗೆಬಗೆಯ ಅಕ್ಷರ ವಿನ್ಯಾಸಗಳಿದ್ದವು. ಅಗಲದ ಅಕ್ಷರಕ್ಕೆ ಅಗಲ ಜಾಗ, ಸಣ್ಣದಕ್ಕೆ ಸಣ್ಣ ಜಾಗ ಸಿಗುತ್ತಿತ್ತು. ಟೈಪ್‌ರೈಟರಿನ ಹಾಗೆ ಎಲ್ಲಕ್ಕೂ ಒಂದೇ ಅಳತೆ ಇರಲಿಲ್ಲ. ನಮ್ಮ 'ರ' ಮತ್ತು 'ಯ' ಎರಡನ್ನೂ ಒಂದೇ ಅಗಲದ ಮನೆಯಲ್ಲಿ ಕೂರಿಸಿದರೆ ಹೇಗೆ ಕಾಣುತ್ತದೆ ಎಂದು ಯೋಚಿಸಿ. ಇದು ಎಷ್ಟು ದೊಡ್ಡ ವಿಷಯ ಅಂತ ಆಗ ಗೊತ್ತಾಗುತ್ತದೆ.

2005ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಜಾಬ್ಸ್ ಇದರ ಮೂಲ ಹೇಳಿದರು. ರೀಡ್ ಕಾಲೇಜು ಬಿಟ್ಟ ಮೇಲೂ ಅಲ್ಲೇ ಸುತ್ತಾಡಿಕೊಂಡು ಅಂದದ ಅಕ್ಷರ ಬರೆಯುವ ತರಗತಿಯಲ್ಲಿ ಸುಮ್ನೆ ಹೋಗಿ ಕೂರುತ್ತಿದ್ದರಂತೆ. ಆ ತರಗತಿ ಇಲ್ಲದಿದ್ದರೆ ಯಾವ ಕಂಪ್ಯೂಟರಿನಲ್ಲೂ ಒಳ್ಳೆಯ ಅಕ್ಷರ ಇರುತ್ತಿರಲಿಲ್ಲವೇನೋ ಎಂಬ ಅರ್ಥದ ಮಾತನ್ನೂ ಆಡಿದರು. ಇದು ಅತಿಯಾಯಿತು ಎಂದೇ ನನ್ನ ಅಭಿಪ್ರಾಯ. ಝೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ 1973ರಲ್ಲಿ ತಯಾರಾದ ಆಲ್ಟೋ ಕಂಪ್ಯೂಟರಿನಲ್ಲಿ ಮೊದಲೇ ಇಂಥ ಅಕ್ಷರಗಳಿದ್ದವು, ಮೌಸ್ ಕೂಡ ಇತ್ತು. ಜಾಬ್ಸ್ 1979ರಲ್ಲಿ ಅಲ್ಲಿಗೆ ಹೋಗಿ ಅವನ್ನೆಲ್ಲ ನೋಡಿಕೊಂಡು ಬಂದಿದ್ದರು. ಮ್ಯಾಕ್ ಯೋಜನೆ ಶುರು ಮಾಡಿದವರು ಜೆಫ್ ರಾಸ್ಕಿನ್. ತೆರೆಯ ಮೇಲೆ ಗೆರೆ, ಅಕ್ಷರ, ಚಿತ್ರ ಮೂಡುವ ಹಾಗೆ ತಂತ್ರಾಂಶ ಬರೆದವರು ಬಿಲ್ ಅಟ್ಕಿನ್ಸನ್. ಶಿಕಾಗೊ, ಜಿನೀವಾ ಅಂತ ಊರುಗಳ ಹೆಸರಿದ್ದ ಆ ಅಕ್ಷರಗಳನ್ನು ಚುಕ್ಕಿ ಚುಕ್ಕಿ ಕೂಡಿಸಿ ಮಾಡಿದವರು ಸೂಸನ್ ಕೇರ್. ಜಾಬ್ಸ್ ಮಾಡಿದ್ದು ಇದೆಲ್ಲ ಮನೆಗೆ ಬರುವ ಪೆಟ್ಟಿಗೆಯಲ್ಲೇ ಇರಬೇಕು ಎಂದು ಹಟ ಹಿಡಿದದ್ದು. ನನ್ನ ಮಟ್ಟಿಗೆ ಆ ಹಟ ಸಣ್ಣದಲ್ಲ. ಝೆರಾಕ್ಸ್‌ನವರ ಹತ್ತಿರ ಎಲ್ಲ ಇತ್ತು, ಅದು ನಮ್ಮ ನಿಮ್ಮ ತನಕ ಬರಲೇ ಇಲ್ಲ ಅಲ್ವಾ?

ಇನ್ನು ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ನೇರ ಉತ್ತರ ಇಲ್ಲಿದೆ. 1985ರಲ್ಲಿ ಮೂರು ವಸ್ತುಗಳು ಒಂದಾದವು. ಮ್ಯಾಕ್, ಆಪಲ್‌ನ ಲೇಸರ್‌ರೈಟರ್ ಪ್ರಿಂಟರ್, ಮತ್ತು ಆಲ್ಡಸ್ ಎಂಬ ಕಂಪನಿಯ ಪುಟ ಕಟ್ಟುವ ತಂತ್ರಾಂಶ ಪೇಜ್‌ಮೇಕರ್. ಪ್ರಿಂಟರಿನ ಒಳಗೆ, ಪುಟ ಹೇಗಿರಬೇಕು ಎಂದು ಅದಕ್ಕೆ ತಿಳಿಸುವ ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್ ಭಾಷೆ ಇತ್ತು. ಪುಟವನ್ನು ತೆರೆಯಲ್ಲೇ ಕಟ್ಟಿ ಹಾಳೆಗೆ ಇಳಿಸುವ ಡಿಟಿಪಿ ಹುಟ್ಟಿದ್ದು ಹೀಗೆ. ಅದೇ ವರ್ಷ ಜಾಬ್ಸ್ ಆಪಲ್ ಬಿಡಬೇಕಾಗಿ ಬಂತು. ಆದರೆ ಡಿಟಿಪಿ ನಿಲ್ಲಲಿಲ್ಲ. 1987ರಲ್ಲಿ ಪೇಜ್‌ಮೇಕರ್ ವಿಂಡೋಸ್‌ಗೂ ಬಂತು. ಅಲ್ಲಿಂದ ಮುಂದೆ ಕನ್ನಡದ ಮುದ್ರಣಾಲಯಗಳಲ್ಲಿ ಏನಾಯಿತು ಎಂದು ನಿಮ್ಮ ಊರಿನ ಯಾವ ಪ್ರೆಸ್ಸಿನವರನ್ನು ಕೇಳಿದರೂ ಹೇಳುತ್ತಾರೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಕಾದಂಬರಿ, ಶಾಲೆಯ ಸ್ಮರಣ ಸಂಚಿಕೆ, ಎಲ್ಲ ಪೇಜ್‌ಮೇಕರಿನಲ್ಲೇ. ಯಂತ್ರ ಮಾತ್ರ ವಿಂಡೋಸ್ ಇರುವ ಅಗ್ಗದ ಡಬ್ಬ. ನಮ್ಮಲ್ಲೂ ಅಷ್ಟೇ. ನೀವು ಬೊಟ್ಟು ಮಾಡಿದಂಥ ಡಬ್ಬಗಳಲ್ಲಿ ಮೂವತ್ತು ವರ್ಷ ನಾನು ಕಟ್ಟಿದ ಪುಟಗಳು ಮ್ಯಾಕ್ ತೋರಿಸಿದ ದಾರಿಯಲ್ಲೇ ನಡೆದವು. ನಾನು ಬರೆದದ್ದು ಆ ಋಣದ ಬಗ್ಗೆ.

ಹಾಗಾದರೆ ಮ್ಯಾಕ್ ಯಾಕಿಲ್ಲ? ದುಡ್ಡು ಒಂದು ಕಾರಣ, ಅದರ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ದೊಡ್ಡ ಕಾರಣ ಡಬ್ಬದ ಮುಚ್ಚಳ.

1977ರಲ್ಲಿ ಬಂದ ಆಪಲ್ 2 ಕಂಪ್ಯೂಟರನ್ನು ವಿನ್ಯಾಸ ಮಾಡಿದವರು ಜಾಬ್ಸ್ ಅವರ ಗೆಳೆಯ ಸ್ಟೀವ್ ವೋಜ್ನಿಯಾಕ್. ಅದರ ಮುಚ್ಚಳವನ್ನು ಬರಿಗೈಯಲ್ಲಿ ಎತ್ತಬಹುದಿತ್ತು. ಒಳಗೆ ಎಂಟು ಸ್ಲಾಟ್. ಬೇಕಾದ ಕಾರ್ಡ್ ತಂದು ಸಿಕ್ಕಿಸಿಕೊಳ್ಳಬಹುದು. ಎರಡು ಸ್ಲಾಟ್ ಸಾಕು, ಒಂದು ಪ್ರಿಂಟರಿಗೆ ಒಂದು ಮೋಡೆಮಿಗೆ, ಎಂದು ಜಾಬ್ಸ್ ವಾದಿಸಿದ್ದರು. ಹಾಗಿದ್ದರೆ ಬೇರೆ ಕಂಪ್ಯೂಟರ್ ಹುಡುಕಿಕೋ ಎಂದರಂತೆ ವೋಜ್ನಿಯಾಕ್. ಮರುವರ್ಷವೇ ಅದೇ ಸ್ಲಾಟಿಗೆ ಫ್ಲಾಪಿ ಡ್ರೈವಿನ ಕಾರ್ಡ್ ಬಂತು. ಅದರ ಬೆನ್ನಿಗೆ 1979ರಲ್ಲಿ ಲೆಕ್ಕದ ಹಾಳೆಯ ತಂತ್ರಾಂಶ ವಿಸಿಕ್ಯಾಲ್ಕ್ ಬಂತು, ಆಫೀಸುಗಳು ಆಪಲ್ 2 ಕೊಳ್ಳಲು ಶುರು ಮಾಡಿದವು. ಅಂದರೆ ಆ ಎಂಟು ಸ್ಲಾಟುಗಳ ಸಂಪಾದನೆಯಲ್ಲೇ ಮುಂದೆ ಮ್ಯಾಕ್ ತಂಡ ಉಂಡದ್ದು.

ಮ್ಯಾಕ್ ಬಂದಾಗ ಜಾಬ್ಸ್ ತಮ್ಮ ಮಾತೇ ನಡೆಸಿದರು. ಸ್ಲಾಟ್ ಇಲ್ಲ. ಪೆಟ್ಟಿಗೆ ಬಿಚ್ಚಲು ಮಾಮೂಲಿ ಸ್ಕ್ರೂ ಡ್ರೈವರ್ ಆಗುವುದಿಲ್ಲ, ಉದ್ದ ಹಿಡಿಯ ಬೇರೆ ಉಪಕರಣ ಬೇಕು. 128 ಕಿಲೋಬೈಟ್ ಸಾಲದೆ ಜನ ಒದ್ದಾಡಿದರು, ತಾವೇ ಹೆಚ್ಚಿಸಿಕೊಳ್ಳುವ ದಾರಿಯನ್ನು ಕಂಪನಿ ಇಟ್ಟಿರಲಿಲ್ಲ. ಅದೇ ವರ್ಷ 512 ಕಿಲೋಬೈಟಿನ ಇನ್ನೊಂದು ಮಾದರಿ ತರಬೇಕಾಯಿತು. ಇವತ್ತಿನ ಮ್ಯಾಕ್ ಲ್ಯಾಪ್‌ಟಾಪುಗಳಲ್ಲೂ ಮೆಮೊರಿಯನ್ನು ಆಮೇಲೆ ಹೆಚ್ಚಿಸಿಕೊಳ್ಳಲು ಆಗುವುದಿಲ್ಲ. ಕೊಳ್ಳುವ ದಿನ ಎಷ್ಟೋ ಕೊನೆತನಕ ಅಷ್ಟೇ.

ಈ ಒಂದು ವಿಷಯದಲ್ಲಿ ನಾನು ಪೂರ್ತಿ ವೋಜ್ನಿಯಾಕ್ ಕಡೆ. ಎರಡು ವರ್ಷದ ಹಿಂದೆ ಮೇ ತಿಂಗಳ ಗುಡುಗು ಮಳೆಯಲ್ಲಿ ನನ್ನ ಕಂಪ್ಯೂಟರ್ ಸತ್ತುಹೋಯಿತು. ಮಾರನೇ ಬೆಳಗ್ಗೆ ಪುಟ ಪ್ರೆಸ್ಸಿಗೆ ಹೋಗಬೇಕಿತ್ತು. ಪಕ್ಕದ ಬೀದಿಯ ರಿಪೇರಿ ಹುಡುಗನನ್ನು ಕರೆದೆ. ಅವನು ಕ್ಯಾಬಿನೆಟ್ಟಿನ ಪಕ್ಕದ ತಗಡು ಜಾರಿಸಿ, ಬಗ್ಗಿ ಮೂಸಿ ನೋಡಿ, 'ಎಸ್‌ಎಂಪಿಎಸ್ ಸುಟ್ಟಿದೆ ಸರ್, ಬೇರೆಲ್ಲ ಸರಿ ಇದೆ' ಅಂದ. ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಭಾಗ ಅದು. ಇನ್ನೊಂದನ್ನು ತಂದು ನಾಲ್ಕು ಸ್ಕ್ರೂ ಹಾಕಿ, ವೈರುಗಳನ್ನು ಸಿಕ್ಕಿಸಿ, ಬ್ರಷ್‌ನಲ್ಲಿ ಫ್ಯಾನಿನ ದೂಳನ್ನೂ ಒರೆಸಿಕೊಟ್ಟ. ಒಂದು ಗಂಟೆಯೂ ಆಗಿರಲಿಲ್ಲ. ಆ ಡಬ್ಬದಲ್ಲಿ ರ್ಯಾಮ್, ಅಂದರೆ ಮೆಮೊರಿ, ಎರಡು ಸಲ ಬದಲಾಗಿದೆ, ಹಾರ್ಡ್‌ಡಿಸ್ಕ್ ಹೋಗಿ ಅದಕ್ಕಿಂತ ವೇಗದ ಎಸ್‌ಎಸ್‌ಡಿ ಬಂದಿದೆ. ಕ್ಯಾಬಿನೆಟ್ ಮಾತ್ರ ಹತ್ತು ವರ್ಷದ ಹಿಂದಿನದೇ. ಬಿಚ್ಚಿ ಕಟ್ಟಬಹುದಾದ ವಸ್ತು ನನಗೆ ಇಷ್ಟ, ಹಳೇ ಅಟ್ಲಾಸ್ ಸೈಕಲ್ ಇಷ್ಟವಾದ ಹಾಗೆ.

ಹೀಗೆ ಹೇಳಿದರೂ ಮುಚ್ಚಿದ ಪೆಟ್ಟಿಗೆಯ ಒಳಗಿನ ಒಂದು ಸಂಗತಿ ನೆನಪಾದಾಗೆಲ್ಲ ನನ್ನ ಮನಸ್ಸು ಮೆತ್ತಗಾಗುತ್ತದೆ. ಮೊದಲ ಮ್ಯಾಕ್‌ನ ಹೊರಕವಚದ ಒಳಮೈಯಲ್ಲಿ ಅದನ್ನು ಮಾಡಿದ ತಂಡದವರ ಸಹಿಗಳಿವೆ. ಎಲ್ಲರ ಕೈಲೂ ಒಂದು ಹಾಳೆಯ ಮೇಲೆ ಸಹಿ ಮಾಡಿಸಿ, ಅದನ್ನೇ ಪ್ಲಾಸ್ಟಿಕ್ ಅಚ್ಚಿನಲ್ಲಿ ಮೂಡಿಸಿದರು. ಗಿರಾಕಿಗೆ ಅದು ಕಾಣುವುದೇ ಇಲ್ಲ. ಜಾಬ್ಸ್ ಅವರನ್ನು ಸಾಕಿದ ತಂದೆ ಪಾಲ್ ಜಾಬ್ಸ್ ಕೈಕೆಲಸ ಬಲ್ಲವರು. ಬೀರು ಮಾಡಿದರೆ ಗೋಡೆ ಕಡೆಯ ಹಿಂಬದಿಯನ್ನೂ ನೀಟಾಗಿ ಮಾಡಬೇಕು ಎಂದು ಮಗನಿಗೆ ಕಲಿಸಿದ್ದರಂತೆ. ನಮ್ಮ ಕಂಪೋಸಿಟರ್ ಕೂಡ ಹಾಗೇ ಇದ್ದರು. ಓದುಗ ಮೊಳೆಯನ್ನು ನೋಡುವುದಿಲ್ಲ. ಆದರೂ ರಾತ್ರಿ ಮನೆಗೆ ಹೊರಡುವ ಮುಂಚೆ ಪ್ರತಿ ಮೊಳೆಯನ್ನೂ ಒರೆಸಿ ಅದರದರ ಖಾನೆಗೆ ಹಾಕಿಯೇ ಹೋಗುತ್ತಿದ್ದರು.

ಜಾಬ್ಸ್ ಮನುಷ್ಯರಾಗಿ ಹೇಗಿದ್ದರು ಅಂತಲೂ ಕೇಳಿದ್ದೀರಿ. ಕೆಲಸದವರ ಜೊತೆ ಒರಟಾಗಿ ನಡೆದುಕೊಂಡದ್ದು, ಮೊದಲ ಮಗಳನ್ನು ವರ್ಷಗಟ್ಟಲೆ ತಮ್ಮವಳೆಂದು ಒಪ್ಪದೆ ಇದ್ದದ್ದು, ಇವೆಲ್ಲ ಎಲ್ಲರಿಗೂ ಗೊತ್ತಿರುವ ವಿಷಯ. ಅದನ್ನು ನಾನು ಮರೆಮಾಚುವುದಿಲ್ಲ, ಒಪ್ಪುವುದೂ ಇಲ್ಲ.

ನಮ್ಮ ಭಾಷೆಯ ಮಟ್ಟಿಗೆ ಇನ್ನೊಬ್ಬರ ಋಣವೂ ಇದೆ. ಅಕ್ಟೋಬರಿನ ಬರಹದಲ್ಲೇ ಅವರ ಹೆಸರು ಬರಬೇಕಿತ್ತು. ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ.ಪಿ. ರಾವ್. ತೆರೆಯ ಮೇಲೆ ಅಕ್ಷರ ಚೆಂದ ಕಂಡರೆ ಸಾಲದು, ಕನ್ನಡವನ್ನು ಒಳಗೆ ಹಾಕುವುದು ಹೇಗೆ? ಅಷ್ಟೊಂದು ಖಾನೆಗಳ ಕೆಲಸವನ್ನು ಇಂಗ್ಲಿಷ್ ಕೀಬೋರ್ಡಿನ 26 ಕೀಲಿಗಳಲ್ಲಿ ಅವರು ಮುಗಿಸಿದರು. 'ಕನ್ನಡ' ಎಂದು ಮೂಡಬೇಕಾದರೆ ಐದು ಕೀಲಿ ಸಾಕು. ಕೆ, ಎನ್, ಎಫ್, ಎನ್, ಡಬ್ಲ್ಯೂ. ಎಡಗೈ ತೋರುಬೆರಳು ಸಹಜವಾಗಿ ಕೂರುವ ಎಫ್ ಕೀಲಿ ಒತ್ತಕ್ಷರಕ್ಕೆ. ಅಲ್ಪಪ್ರಾಣಕ್ಕೆ ಬರೀ ಕೀಲಿ, ಮಹಾಪ್ರಾಣಕ್ಕೆ ಶಿಫ್ಟ್ ಜೊತೆಗೆ. ನೀವು ಮಕ್ಕಳಿಗೆ ಕಲಿಸಿದ ವರ್ಣಮಾಲೆಯ ತರ್ಕವೇ ಇದು, ಬೆರಳಿಗೆ ಇಳಿದಿದೆ ಅಷ್ಟೆ. ಇದನ್ನು ಅಳವಡಿಸಿದ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಗೌರವಾರ್ಥ 'ಸೇಡಿಯಾಪು' ಎಂದು ಹೆಸರಿಟ್ಟು, ಎಲ್ಲರಿಗೂ ಉಚಿತವಾಗಿ ಕೊಟ್ಟರು. ಸರ್ಕಾರ ಒಪ್ಪಿದ ವಿನ್ಯಾಸವೂ ಇದೇ ಆಯಿತು, 'ನುಡಿ'ಯಲ್ಲಿ ನಾವೆಲ್ಲ ಒತ್ತುವುದೂ ಇದನ್ನೇ. ನುಡಿ ವಿಂಡೋಸಿಗೆಂದು ಬಂದ ತಂತ್ರಾಂಶ. ನನ್ನ ಡಬ್ಬದಲ್ಲಿ ವಿಂಡೋಸ್ ಇರುವುದಕ್ಕೆ ಇದೂ ಒಂದು ಕಾರಣ.

ಈಗ ಮೊಮ್ಮಗಳ ವಿಷಯ. ಅವಳು ಓದುತ್ತಿರುವುದು ಬಿ.ಎ. ಎಂದು ಬರೆದಿದ್ದೀರಿ. ಲ್ಯಾಪ್‌ಟಾಪೇ ಬೇಕು, ಹಾಸ್ಟೆಲಿಗೆ ಡಬ್ಬ ಹೊತ್ತುಕೊಂಡು ಹೋಗಲು ಆಗುವುದಿಲ್ಲ. ಕಂಪನಿಯ ಹೆಸರು ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಅಂಗಡಿಯಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿ: 'ರ್ಯಾಮ್ ಆಮೇಲೆ ಹೆಚ್ಚಿಸಬಹುದಾ?' ಮ್ಯಾಕ್ ಅಲ್ಲದ ಎಷ್ಟೋ ಲ್ಯಾಪ್‌ಟಾಪುಗಳಲ್ಲೂ ಈಗ ಅದನ್ನು ಬೆಸುಗೆ ಹಾಕಿಯೇ ಕೊಡುತ್ತಾರೆ. ಹೆಚ್ಚಿಸಬಹುದು ಎಂದರೆ 8 ಜಿಬಿ ಇರುವುದನ್ನು ತೆಗೆದುಕೊಳ್ಳಿ. ಆಗುವುದಿಲ್ಲ ಎಂದರೆ ಮೊದಲೇ 16 ಜಿಬಿ ಇರಲಿ. ಹಾರ್ಡ್‌ಡಿಸ್ಕ್ ಬೇಡ, ಎಸ್‌ಎಸ್‌ಡಿ ಕೇಳಿ. ಯಾರಾದರೂ ಹಳೆಯದು ಅಗ್ಗಕ್ಕೆ ಕೊಡುತ್ತೇನೆ ಎಂದರೆ ವಿಂಡೋಸ್ 11 ಅದರಲ್ಲಿ ನಡೆಯುತ್ತದೆಯೇ ನೋಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್‌ಗೆ ಮುಗಿದಿದೆ. ನಡೆಯದಿದ್ದರೆ ವಿಂಡೋಸಿನ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಸಿ, ಬಿ.ಎ. ಓದುವವರಿಗೆ ಬೇಕಾದದ್ದೆಲ್ಲ ಅದರಲ್ಲಿದೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೂ ಅದರಲ್ಲಿ ಸಿಗುತ್ತದೆ.

ಅವಳಿಗೆ ಮ್ಯಾಕೇ ಬೇಕು, ನಿಮಗೂ ಕೈಲಾಗುತ್ತದೆ ಎಂದಾದರೆ ಖಂಡಿತ ಕೊಡಿಸಿ. ನನ್ನ ಡಬ್ಬದ ಕತೆ ಹೇಳಿ ಅವಳ ಆಸೆ ಮುರಿಯಬೇಡಿ.

ಯಾವುದೇ ತೆಗೆದುಕೊಂಡರೂ ಕನ್ನಡವನ್ನು ಯೂನಿಕೋಡ್‌ನಲ್ಲೇ, ಅಂದರೆ ಎಲ್ಲ ಕಂಪ್ಯೂಟರುಗಳೂ ಒಂದೇ ಥರ ಗುರುತಿಸುವ ಅಕ್ಷರ ಸಂಕೇತದಲ್ಲೇ, ಬರೆಯಲು ಹೇಳಿ. ನಮ್ಮ ಪತ್ರಿಕೆಯ ಹಳೇ ಸಂಚಿಕೆಗಳ ಕಡತಗಳು ಹಳೇ ಫಾಂಟುಗಳಲ್ಲಿವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತದೆ. ಹದಿನೈದು ವರ್ಷದ ಸಂಚಿಕೆಗಳನ್ನು ಒಂದೊಂದಾಗಿ ಬದಲಾಯಿಸುತ್ತಾ ಕೂತಿದ್ದೇವೆ, ಅರ್ಧವೂ ಮುಗಿದಿಲ್ಲ. ಅವಳ ಟಿಪ್ಪಣಿಗಳಿಗೆ ಆ ಗತಿ ಬರುವುದು ಬೇಡ.

ಕೀಲಿಮಣೆಯ ಚಿತ್ರವೊಂದನ್ನು ಅಂಚೆಯಲ್ಲಿ ಕಳಿಸಿದ್ದೇನೆ. ಅವಳ ಮೇಜಿನ ಎದುರು ಅಂಟಿಸಿ. ಮೊದಲ ಒಂದು ವಾರ ಬೆರಳು ತಡವರಿಸುತ್ತದೆ, ಅಷ್ಟರಲ್ಲಿ ಬಿಟ್ಟುಬಿಡಬಾರದು. ಚಿತ್ರ ಎರಡು ಪ್ರತಿ ಇದೆ. ಇನ್ನೊಂದು ನಿಮಗೆ, ಮುಂದಿನ ಪತ್ರಕ್ಕೆ.

— ಸಂಪಾದಕ