‘ಎಲೆಕ್ಟೆಡ್’ ಎಂದ ಮೇಲೆ ‘ಆ್ಯಸ್’ ಬೇಕೇ?

ಶಾಲೆಯ ವಾರ್ಷಿಕ ವರದಿಯಲ್ಲಿ ‘ಹಿ ವಾಸ್ ಎಲೆಕ್ಟೆಡ್ ಆ್ಯಸ್ ಸ್ಕೂಲ್ ಲೀಡರ್’ ಎಂದು ನೀವು ಬರೆದಾಗ ಸಹೋದ್ಯೋಗಿಯೊಬ್ಬರು ‘ಆ್ಯಸ್’ ಪದವನ್ನು ಹೊಡೆದುಹಾಕಿದರೆಂದೂ ಅದು ನಿಜಕ್ಕೂ ತಪ್ಪೇ ಎಂದೂ ಕೇಳಿದ್ದೀರಿ. ತಪ್ಪಲ್ಲ. ಎಲೆಕ್ಟ್, ಅಪಾಯಿಂಟ್ ಎಂಬ ಕ್ರಿಯಾಪದಗಳ ಜತೆ ‘ಆ್ಯಸ್’ ಇದ್ದರೂ ಸರಿ, ಬಿಟ್ಟರೂ ಸರಿ; ಬಿಟ್ಟರೆ ವಾಕ್ಯ ತುಸು ಬಿಗಿಯಾಗುತ್ತದೆ.

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ನನಗೆ ಈ ಪ್ರಶ್ನೆ ಸಣ್ಣದೆನಿಸುವುದಿಲ್ಲ. ‘ನಾಯಕನಾಗಿ ಆರಿಸಿದರು’ ಎಂಬ ಕನ್ನಡದ ‘ಆಗಿ’ಯೂ ಇಲ್ಲಿನ ಮಕ್ಕಳ ಕಿವಿಗೆ ನಿತ್ಯವೂ ಬೀಳುವ ಮಲಯಾಳದ ‘ಆಯಿ’ಯೂ ಒಂದೇ ಕೆಲಸ ಮಾಡುವುದರಿಂದ, ಅವರ ಬರವಣಿಗೆಯಲ್ಲಿ ‘ಆ್ಯಸ್’ ತಾನಾಗಿಯೇ ಬರುತ್ತದೆ. ಸರಿಯಾದ ವಾಕ್ಯಕ್ಕೆ ಕೆಂಪು ಗೆರೆ ಎಳೆದರೆ, ಮೊದಲೇ ಹಿಂಜರಿಯುವ ಮಕ್ಕಳು ಇನ್ನಷ್ಟು ಹಿಂಜರಿಯುತ್ತಾರೆ.

ತಿದ್ದಬೇಕಾದ ಜಾಗಗಳು ಬೇರೆಯೇ ಇವೆ. ‘ದೇ ಮೇಡ್ ಹಿಮ್ ಕ್ಯಾಪ್ಟನ್’ ಎಂಬಲ್ಲಿ ‘ಆ್ಯಸ್’ ಸೇರಿಸುವಂತಿಲ್ಲ. ಕ್ರಿಯಾಪದ ನಾಮಪದವಾದಾಗ, ಅಂದರೆ ‘ಹಿಸ್ ಅಪಾಯಿಂಟ್‌ಮೆಂಟ್ ಆ್ಯಸ್ ಹೆಡ್‌ಮಾಸ್ಟರ್’ ಎಂಬಂಥ ಕಡೆ, ಅದನ್ನು ಬಿಡುವಂತಿಲ್ಲ.

ಅದಕ್ಕಿಂತ ಹೆಚ್ಚು ಎಡವುವುದು ‘ಎ’ ಎಂಬ ಪುಟ್ಟ ಪದದಲ್ಲಿ. ನಮ್ಮ ಸಂವಿಧಾನದ 58ನೆಯ ವಿಧಿಯ ಇಂಗ್ಲಿಷ್ ಪಾಠವನ್ನು ತೆರೆದು ನೋಡಿ: ರಾಷ್ಟ್ರಪತಿಯ ಅರ್ಹತೆಯನ್ನು ಹೇಳುವಾಗ ‘ಎಲೆಕ್ಷನ್ ಆ್ಯಸ್ ಪ್ರೆಸಿಡೆಂಟ್’ ಎಂದಿದೆ, ಅದೇ ವಾಕ್ಯ ಮುಂದುವರಿದು ಲೋಕಸಭೆಯ ಮಾತು ಬಂದಾಗ ‘ಎಲೆಕ್ಷನ್ ಆ್ಯಸ್ ಎ ಮೆಂಬರ್’ ಎಂದಿದೆ. ರಾಷ್ಟ್ರಪತಿ ಒಬ್ಬರೇ, ಸದಸ್ಯರು ಹಲವರು. ನಮ್ಮ ಪಂಚಾಯತಿಗೂ ಇದೇ ಲೆಕ್ಕ ಅನ್ವಯಿಸುತ್ತದೆ: ಅಧ್ಯಕ್ಷರು ‘ಎಲೆಕ್ಟೆಡ್ ಪ್ರೆಸಿಡೆಂಟ್’, ವಾರ್ಡಿನಿಂದ ಗೆದ್ದವರು ‘ಎಲೆಕ್ಟೆಡ್ ಎ ಮೆಂಬರ್’. ನಮ್ಮ ಕಯ್ಯಾರ ಕಿಞ್ಞಣ್ಣ ರೈಗಳು 1997ರ ಮಂಗಳೂರು ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಆಯ್ಕೆಯಾದುದನ್ನು ನಾನು ತರಗತಿಯಲ್ಲಿ ‘ವಾಸ್ ಚೋಸನ್ ಪ್ರೆಸಿಡೆಂಟ್’ ಎಂದೇ ಬರೆಸುತ್ತೇನೆ. ಇಡೀ ಶಾಲೆಗೆ ಒಬ್ಬನೇ ಲೀಡರ್ ಇರುವುದರಿಂದ ನಿಮ್ಮ ವಾಕ್ಯದಲ್ಲಿ ‘ಎ’ ಇಲ್ಲದಿರುವುದೂ ಸರಿಯಾಗಿಯೇ ಇದೆ.

ಇನ್ನೊಂದನ್ನು ವಿಶೇಷವಾಗಿ ಗಮನಿಸಿ, ಏಕೆಂದರೆ ಕೆಲಸದ ಅರ್ಜಿಗಳಲ್ಲಿ ಇದನ್ನು ಮತ್ತೆ ಮತ್ತೆ ಕಾಣುತ್ತೇನೆ. ‘ಪೋಸ್ಟ್’ ಎಂಬ ಪದ ಬಂದ ಕೂಡಲೇ ‘ಆ್ಯಸ್’ ಹೋಗಿ ‘ಟು’ ಬರಬೇಕು: ‘ಅಪಾಯಿಂಟೆಡ್ ಟು ದ ಪೋಸ್ಟ್ ಆಫ್ ಕ್ಲರ್ಕ್’. ಅಲ್ಲಿ ‘ಆ್ಯಸ್’ ಉಳಿಸಿದರೆ, ನೇಮಕಗೊಂಡ ಮನುಷ್ಯನೇ ಹುದ್ದೆಯಾದನೆಂಬ ಅರ್ಥ ಬರುತ್ತದೆ.